ಹೊರಗಿನಿಂದಲೇ ನೋಡಿ ಬಂದ ಮನೆ

ಅಮೆರಿಕದ ಮೆಂಫಿಸ್‌ಗೆ ಬಂದು ಮೂರು ವರ್ಷವಾದರೂ ಪಕ್ಕದ ಮಿಸ್ಸಿಸಿಪ್ಪಿ ರಾಜ್ಯದ ಅವಲಾನ್ ಎಂಬ ಹಳ್ಳಿಗೆ ಹೋಗಿರಲಿಲ್ಲ. ಕಾರಿನಲ್ಲಿ ಎರಡು ಗಂಟೆಯ ಹಾದಿ, ಅಷ್ಟೇ. 2022ರ ಅಕ್ಟೋಬರಿನಲ್ಲಿ ಒಂದು ಭಾನುವಾರ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೊರಟೆವು. ಗ್ರೆನಾಡದ ಹತ್ತಿರ ಹೆದ್ದಾರಿ ಬಿಟ್ಟ ಮೇಲೆ ಊರುಗಳೂ ವಿರಳವಾದವು.

ನಾನು ನೋಡಬೇಕೆಂದಿದ್ದು ಗಿಟಾರ್ ನುಡಿಸುತ್ತ ಹಾಡುತ್ತಿದ್ದ ಮಿಸ್ಸಿಸಿಪ್ಪಿ ಜಾನ್ ಹರ್ಟ್‌ನ ಸಮಾಧಿ. ಏಕವಚನಕ್ಕೆ ಕ್ಷಮೆ ಇರಲಿ, ಅಷ್ಟು ಸಲುಗೆ ಕೊಡುವ ದನಿ ಅವನದು. ಅಮೆರಿಕದ ಕರಿಯರ ಬ್ಲೂಸ್ ಸಂಗೀತ ಅಂದರೆ ಬರೀ ಗೋಳು ಎನ್ನುವವರಿಗೆ ನಾನು ಮೊದಲು ಕೇಳಿಸುವುದು ಅವನನ್ನೇ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒನಕೆಯ ಏಟಿನಂತೆ ತಪ್ಪದೆ ಬೀಳುತ್ತಿರುತ್ತದೆ, ಉಳಿದ ಬೆರಳುಗಳು ತಮ್ಮ ಪಾಡಿಗೆ ಹಾಡು ನುಡಿಸುತ್ತಿರುತ್ತವೆ. ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಹಾಡಲು ಬಾಯಿ ತೆರೆದೆನೋ, ಹೆಬ್ಬೆರಳು ನಿಂತಿತೆಂದೇ ಲೆಕ್ಕ.

1928ರ ಫೆಬ್ರುವರಿಯಲ್ಲಿ ಇದೇ ಮೆಂಫಿಸ್‌ನಲ್ಲಿ ಒಕೆ ಎಂಬ ರೆಕಾರ್ಡ್ ಕಂಪನಿ ಅವನ ಎಂಟು ಹಾಡು ಮುದ್ರಿಸಿಕೊಂಡಿತು. ಹೊರಬಂದದ್ದು ಎರಡು. ಹೆಸರಿನ ಹಿಂದೆ ‘ಮಿಸ್ಸಿಸಿಪ್ಪಿ’ ಅಂಟಿಸಿದ್ದೂ ಕಂಪನಿಯೇ, ವ್ಯಾಪಾರಕ್ಕೆ. ಡಿಸೆಂಬರಿನಲ್ಲಿ ನ್ಯೂಯಾರ್ಕಿಗೆ ಕರೆಸಿದರು. ಅಲ್ಲಿ ಊರು ನೆನಪಾಗಿ, ಅವಲಾನ್ ನನ್ನೂರು ಎಂದು ಹಾಡಿದ. ಮರುವರ್ಷವೇ ಆರ್ಥಿಕ ಕುಸಿತ. ಪ್ಲೇಟುಗಳೂ ಅಷ್ಟೇನೂ ಮಾರಾಟವಾಗಿರಲಿಲ್ಲ. ಅವನು ಹೊಲದ ಕೆಲಸಕ್ಕೆ ಮರಳಿದ.

ಮುಂದಿನ ಮೂವತ್ತನಾಲ್ಕು ವರ್ಷ ಹೊರಗಿನವರ ಪಾಲಿಗೆ ಅವನು ಇರಲೇ ಇಲ್ಲ. 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಹುಡುಗ ಆ ಹಾಡಿನ ಊರಿನ ಹೆಸರನ್ನೇ ಹಿಡಿದು, ಹಳೆಯ ಭೂಪಟವೊಂದರಲ್ಲಿ ಅವಲಾನ್ ಪತ್ತೆ ಮಾಡಿ ಬಾಗಿಲಿಗೆ ಬಂದ. ಬಿಳಿಯನೊಬ್ಬ ಹುಡುಕಿಕೊಂಡು ಬಂದಿದ್ದಾನೆಂದರೆ ಪೊಲೀಸನೇ ಇರಬೇಕೆಂದು ಹರ್ಟ್ ಹೆದರಿದನಂತೆ. ಆ ಕಾಲದ ಮಿಸ್ಸಿಸಿಪ್ಪಿಯಲ್ಲಿ ಕರಿಯ ಕೂಲಿಯವನಿಗೆ ಬೇರೇನು ತೋಚೀತು? ಮನೆಯಲ್ಲಿ ಗಿಟಾರೂ ಇರಲಿಲ್ಲ. ಅದೇ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದ ವೇದಿಕೆಯಲ್ಲಿದ್ದ.

“ರೀ, ಸಿಗ್ನಲ್ ಹೋಯ್ತು,” ಎಂದಳು ಇವಳು. ಡೆಲ್ಟಾದ ಬಯಲು ಮುಗಿದು ಗುಡ್ಡ ಏರುವ ಜಾಗ. ಜಲ್ಲಿ ರಸ್ತೆಯಲ್ಲಿ ಎರಡು ಸಲ ತಪ್ಪು ತಿರುವು ತೆಗೆದುಕೊಂಡೆ. ಕೊನೆಗೆ ಪಿಕಪ್ ನಿಲ್ಲಿಸಿದ ಅಜ್ಜನೊಬ್ಬ ನಾವು ಕೇಳುವ ಮೊದಲೇ ಕೈ ತೋರಿಸಿದ. ಇತ್ತ ಬರುವ ಅಪರಿಚಿತರಿಗೆ ಬೇರೆ ಕೆಲಸವೇನಿರುತ್ತದೆ!

ಕಾಡಿನ ನಡುವೆ ಪುಟ್ಟ ಸ್ಮಶಾನ. ಅವನ ಕಲ್ಲಿನ ಮೇಲೆ ಚಿಲ್ಲರೆ ನಾಣ್ಯ, ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆಗಳು. ಅವನು ನುಡಿಸುತ್ತಿದ್ದುದು ಬೆರಳಲ್ಲಿ, ಬಿಲ್ಲೆ ಯಾಕೋ ಅನ್ನಿಸಿತು. ಆದರೂ ಜೇಬಿನಲ್ಲಿದ್ದ ಒಂದನ್ನು ಇಟ್ಟೆ.

ಅವನ ಮೂರು ಕೋಣೆಯ ಮರದ ಮನೆ ಆಗ ಮ್ಯೂಸಿಯಂ ಆಗಿತ್ತು. ಬೀಗ ಹಾಕಿತ್ತು. ಮೊದಲೇ ಫೋನ್ ಮಾಡಿ ಬರಬೇಕಿತ್ತು, ತಪ್ಪು ನನ್ನದೇ. ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದೆ. ಕಂಡದ್ದು ಹೆಚ್ಚಾಗಿ ನನ್ನ ಮುಖವೇ. “ಇನ್ನೊಂದ್ಸಲ ಬರೋಣ ಬಿಡಿ,” ಎಂದಳು. ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದೆವು.

2024ರ ಫೆಬ್ರುವರಿಯಲ್ಲಿ ಆ ಮನೆ ಸುಟ್ಟುಹೋಯಿತು. ಸುದ್ದಿ ಓದಿದ ರಾತ್ರಿ ಅವತ್ತಿನ ಫೋಟೊ ಹುಡುಕಿದೆ. ಮನೆಯದು ಒಂದೇ ಇತ್ತು. ಅದರಲ್ಲೂ ಅರ್ಧಕ್ಕೆ ನಮ್ಮ ಡಬ್ಬಿ ಅಡ್ಡ ಬಂದಿದೆ.