ನಾನು ಕತ್ತರಿಸಿದ ‘ಅಂತ’

ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ವಿಡಿಯೋ ಎಡಿಟರ್. ಧಾರ್ಮಿಕ ಭಾಷಣಗಳಿಂದ ರೀಲ್ಸ್ ಮಾಡಿಕೊಡುವುದೇ ಈಗ ಜಾಸ್ತಿ ಕೆಲಸ. ಒಂದು ಗಂಟೆಯ ಮಾತಿನಿಂದ ಅರ್ಧ ನಿಮಿಷ ಹೆಕ್ಕಬೇಕು. ಶುರುವಿನಲ್ಲೇ ನೋಡುವವರ ಬೆರಳು ನಿಲ್ಲಬೇಕು.

ಎರಡು ತಿಂಗಳ ಹಿಂದೆ ಒಬ್ಬ ಹಿರಿಯರ ಪ್ರವಚನ ಬಂತು. ಇನ್‌ಸ್ಟಾಗ್ರಾಮಿನಲ್ಲಿ ಅವರನ್ನು ಕಾಲೇಜು ಮಕ್ಕಳೇ ಜಾಸ್ತಿ ನೋಡುತ್ತಾರೆ. ಮೂಲ್ಕಿಯ ಬಪ್ಪನಾಡು ದೇವಸ್ಥಾನ, ಅದನ್ನು ಕಟ್ಟಿಸಿದನೆಂದು ಜನ ನಂಬಿರುವ ಬಪ್ಪ ಬ್ಯಾರಿ (ಬ್ಯಾರಿಗಳೆಂದರೆ ನಮ್ಮ ಕರಾವಳಿಯ ಒಂದು ಮುಸ್ಲಿಂ ಸಮುದಾಯ), ಆ ಕಥೆ ಹೇಳುತ್ತಾ ತಮ್ಮ ಅಜ್ಜನ ನೆನಪಿಗೆ ಬಂದರು. “ಬ್ಯಾರಿಗಳ ಮನೆಯಲ್ಲಿ ನೀರು ಕೂಡ ಕುಡಿಯಬಾರದು ಅಂತ ಅಜ್ಜ ಹೇಳುತ್ತಿದ್ದರು. 1974ರ ನೆರೆಗೆ ಬಂಟ್ವಾಳ ಮುಳುಗಿದಾಗ ಅವರನ್ನು ದೋಣಿಗೆ ಎಳೆದುಕೊಂಡದ್ದು ಒಬ್ಬ ಬ್ಯಾರಿ. ಆ ರಾತ್ರಿ ಗಂಜಿ ಉಂಡದ್ದೂ ಅವರ ಮನೆಯಲ್ಲೇ.”

ನಾನು ‘ಕುಡಿಯಬಾರದು’ ಅನ್ನುವಲ್ಲಿ ಕಟ್ ಮಾಡಿದೆ. ಕೆಳಗೆ ‘ಪೂರ್ತಿ ಭಾಷಣ ನೋಡಿ’ ಎಂದು ಬರೆದೆ. ಜನ ಮುಂದಿನದನ್ನು ಕೇಳಲು ಬರುತ್ತಾರೆ ಅಂದುಕೊಂಡಿದ್ದೆ. ಕನ್ನಡದಲ್ಲಿ ‘ಅಂತ’ ಕೊನೆಗೆ ಬರುತ್ತದೆ ಅಲ್ವಾ? ಅದನ್ನು ತೆಗೆದರೆ ಅಜ್ಜನ ಮಾತು ಮೊಮ್ಮಗನದ್ದಾಗಿಬಿಡುತ್ತದೆ.

ಮರುದಿನ ಬೆಳಿಗ್ಗೆ ಅವರ ಫೋನ್. ಬೈಯಲಿಲ್ಲ. “ಅಜ್ಜನ ದೋಣಿ ಎಲ್ಲಿ ಹೋಯಿತು ಮಾರಾಯಾ?” ಅಂದರು. ಆ ಸ್ವರ ಇನ್ನೂ ಕಿವಿಯಲ್ಲಿದೆ.

ತಕ್ಷಣ ತೆಗೆದೆ. ಅಷ್ಟರಲ್ಲಿ ಅದು ಎಷ್ಟೋ ಗ್ರೂಪ್‌ಗಳಿಗೆ ಹೋಗಿತ್ತು. ನನ್ನ ತಂಗಿಯ ಮಗ ಸ್ಟೇಟಸ್‌ಗೆ ಹಾಕಿದ್ದ. ಅವನು ಕೆಟ್ಟ ಹುಡುಗನಲ್ಲ. ತಾನು ಗೌರವಿಸುವವರು ಹೇಳಿದ್ದಾರೆ, ಸರಿಯೇ ಇರಬೇಕು ಅಂದುಕೊಂಡ. ಆ ವಯಸ್ಸಿನವರು ಪೂರ್ತಿ ಭಾಷಣ ಕೇಳುವುದು ಕಮ್ಮಿ. ಅವರಿಗೆ ಗುರುಗಳು ಅಂದರೆ ನಾನು ಕತ್ತರಿಸಿ ಕೊಟ್ಟ ತುಣುಕು. ಕ್ಲಾಸಿನಲ್ಲಿ ಅವನ ಪಕ್ಕ ಕೂರುತ್ತಿದ್ದ ಬ್ಯಾರಿ ಹುಡುಗ ಅಂದೇ ಹಿಂದಿನ ಬೆಂಚಿಗೆ ಹೋದ. ಇಬ್ಬರೂ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದವರು.

ಈಗ ಇಡೀ ಭಾಷಣ ಕೇಳದೆ ಕತ್ತರಿ ಹಾಕುವುದಿಲ್ಲ. ಬೇರೆಯವರ ಮಾತು ಬಂದರೆ, ಅದಕ್ಕೆ ಕೊಟ್ಟ ಉತ್ತರವೂ ಅದೇ ಕ್ಲಿಪ್ಪಿನಲ್ಲಿರಬೇಕು. 2020ರಲ್ಲಿ ರೀಲ್ಸ್ ಬಂದಾಗ 15 ಸೆಕೆಂಡ್ ಅಷ್ಟೇ ಇತ್ತು. ಈಗ 3 ನಿಮಿಷ ಹಾಕಬಹುದು. ಜಾಗ ಸಾಲದು ಅನ್ನುವ ನೆಪ ನನಗಿಲ್ಲ. ವ್ಯೂಸ್ ಕಮ್ಮಿ ಅಂತ ಕೆಲವರು ಗೊಣಗುತ್ತಾರೆ. ಗೊಣಗಲಿ.

ದೋಣಿಯ ಕಥೆ ಇರುವ ತುಣುಕನ್ನು ಮತ್ತೆ ಹಾಕಿದೆವು. ಮೊದಲಿನ ಅರ್ಧದಷ್ಟು ಜನವೂ ನೋಡಲಿಲ್ಲ. ತಂಗಿಯ ಮಗ ನೋಡಿದ, ಗೆಳೆಯನಿಗೂ ಕಳುಹಿಸಿದ. “ನೀಲಿ ಗೆರೆ ಬಿದ್ದಿದೆ ಮಾವ, ಉತ್ತರ ಬಂದಿಲ್ಲ” ಅಂದ ನಿನ್ನೆ ರಾತ್ರಿ.