ಅಗ್ಗದ .22 ತರಬೇತಿ ಪಿಸ್ತೂಲು: ದಾವಣಗೆರೆಯಲ್ಲಿ ಮೊದಲ 200 ಗುಂಡಿನ ಪರೀಕ್ಷೆ

ದಿನ 1, ಗುಂಡಿಲ್ಲದೆ
ಮ್ಯಾಗಜೀನ್ ತೆಗೆದು, ಚೇಂಬರ್ (ನಳಿಕೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಖಾಲಿಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ಬಿಚ್ಚಿದ್ದು. ಹಿಂದೆ ಮುಂದೆ ಸರಿಯುವ ಮೇಲ್ಭಾಗಕ್ಕೆ, ಅಂದರೆ ಸ್ಲೈಡಿಗೆ, ಅಯಸ್ಕಾಂತ ಅಂಟಲಿಲ್ಲ, ಸತುವಿನ ಮಿಶ್ರಲೋಹ. ಅದಿರಲಿ, ತೋಟಾದ ಹಿಂಭಾಗ ಒರಗುವ ಜಾಗದಲ್ಲಿ ಉಕ್ಕಿನ ತುಂಡಿದೆ, ಅಷ್ಟು ಸಾಕು.

ಚೇಂಬರ್ ಬಾಯಿಯ ಸುತ್ತ ಹತ್ತಿ ಕಡ್ಡಿ ಆಡಿಸಿದಾಗ ಮೇಲ್ಗಡೆ ಎಳೆ ಸಿಕ್ಕಿಕೊಂಡಿತು. ತೋಟಾ ಇಲ್ಲದೆ ಟ್ರಿಗರ್ ಎಳೆದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೇ ಬಡಿದು ಲೋಹ ಒಳಕ್ಕೆ ಉಬ್ಬುತ್ತದೆ. ಸಿಡಿದ ತೋಟಾದ ಖಾಲಿ ಕೇಸ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಇದಕ್ಕೆ ಮನೆಯಲ್ಲಿ ಅರ ಹಿಡಿಯಲೇಬಾರದು. ಚೇಂಬರ್ ಕೂದಲೆಳೆ ದೊಡ್ಡದಾದರೂ ಕೇಸ್ ಉಬ್ಬುತ್ತದೆ. ಪರವಾನಗಿ ಇರುವ ರಿಪೇರಿಯವರ ಕೈಗೆ ಕೊಟ್ಟಾಯಿತು.

ದಿನ 2, ಟ್ರಿಗರ್
25 ಮೀಟರ್ ಸ್ಪೋರ್ಟ್ ಪಿಸ್ತೂಲು ಸ್ಪರ್ಧೆಯ ನಿಯಮದಂತೆ ಟ್ರಿಗರ್ ಕನಿಷ್ಠ 1000 ಗ್ರಾಂ ತೂಕ ತಡೆಯಬೇಕು. ನಳಿಕೆ ನೆಟ್ಟಗೆ ಮೇಲಕ್ಕೆ ಹಿಡಿದು, ಕಿರಾಣಿ ಅಂಗಡಿಯ ತೂಕದ ಕಲ್ಲನ್ನು ನೆಲದಿಂದ ಟ್ರಿಗರಿನಲ್ಲೇ ಎತ್ತಿ ನೋಡಿದ್ದು: 1 ಕೆ.ಜಿ. ನಿಂತಿತು, ಒಂದೂವರೆಯೂ ನಿಂತಿತು, 2ಕ್ಕೆ ಬಿಟ್ಟುಕೊಟ್ಟಿತು. ಕಲಿಯುವವರಿಗೆ ತುಸು ಭಾರ, ನಡೆಯುತ್ತದೆ.

ದಿನ 3, ರೇಂಜ್
ಸ್ಟ್ಯಾಂಡರ್ಡ್ ವೆಲಾಸಿಟಿ (ಸಾಮಾನ್ಯ ವೇಗದ) ತೋಟಾ 100, ಹೈ ವೆಲಾಸಿಟಿ (ಹೆಚ್ಚು ವೇಗದ) ತೋಟಾ 100. ಮೊದಲನೆಯದರಲ್ಲಿ ಖಾಲಿ ಕೇಸ್ ಸ್ಲೈಡಿನ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡಿದ್ದು 6 ಸಲ, ಎರಡನೆಯದರಲ್ಲಿ ಒಮ್ಮೆಯೂ ಇಲ್ಲ. ಸ್ಲೈಡನ್ನು ಹಿಂದಕ್ಕೆ ತಳ್ಳುವುದು ಕೇಸಿನ ಒತ್ತಡವೇ. ಸ್ಪ್ರಿಂಗ್ ಬಿಗಿ ಇದ್ದು ಮದ್ದು ಮೆತ್ತಗಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದು. ಮ್ಯಾಗಜೀನುಗಳಿಗೆ 1, 2 ಎಂದು ಬರೆದಿಟ್ಟದ್ದು ಒಳ್ಳೆಯದಾಯಿತು: ತೋಟಾ ಮೂತಿ ತಗುಲಿ ನಿಂತದ್ದೆಲ್ಲ 2ರದ್ದೇ, ಅದರ ತುಟಿ (ತೋಟಾ ಹಿಡಿದಿಡುವ ಮೇಲಂಚು) ಬಾಗಿದೆ.

ನಿಜವಾದ ಚಿಂತೆ ಸಿಡಿಯದ 4 ತೋಟಾಗಳದ್ದು. ಸಿಡಿಯದಿದ್ದಾಗ ಪಿಸ್ತೂಲು ಗುರಿಯ ಕಡೆಗೇ ಇರಲಿ, 30 ಸೆಕೆಂಡ್ ಕಾಯಬೇಕು. .22ರಲ್ಲಿ ಕಿಡಿಮದ್ದು ಇರುವುದು ಅಂಚಿನ ಟೊಳ್ಳಿನೊಳಗೆ, ಪಿನ್ ಆ ಅಂಚನ್ನು ಜಜ್ಜಬೇಕು. ಗುರುತು ಆಳವಾಗಿದ್ದೂ ಸಿಡಿಯದಿದ್ದರೆ ತಪ್ಪು ತೋಟಾದ್ದು. ಭೂತಗನ್ನಡಿಯಲ್ಲಿ ನಮ್ಮ ನಾಲ್ಕರ ಗುರುತೂ ಉಗುರು ಒತ್ತಿದಷ್ಟೇ ತೆಳು. ಪಿನ್ ಹಾದಿಯಲ್ಲಿ ಎಣ್ಣೆಗೆ ಮೆತ್ತಿದ ಎರೆಮಣ್ಣಿನ ಧೂಳು ಕಾಣಿಸಿತು. ಈ ಬಿಸಿಲಿಗೆ ಪಿನ್‌ಗೆ ಎಣ್ಣೆ ಹಾಕದೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆನಿಸಿ ಹೊಡೆದಾಗ 25 ಮೀಟರಿಗೆ ಐದು ಗುಂಡು 65 ಮಿ.ಮೀ. ಒಳಗೆ. ಸ್ಪರ್ಧೆಯ ಪ್ರಿಸಿಷನ್ ಸುತ್ತಿನ ಗುರಿಹಲಗೆಯಲ್ಲಿ 10 ಅಂಕದ ವೃತ್ತದ ಅಡ್ಡಳತೆ 50 ಮಿ.ಮೀ. ಹೊಸಬರ ಕೈ ತಪ್ಪು ಇದಕ್ಕಿಂತ ದೊಡ್ಡದು, ಹಾಗಾಗಿ ನಳಿಕೆ ಪಾಸು.

ಮುಂದಿನ ಸಲ: ಪಿನ್ ಹಾದಿ ಒರೆಸಿ, 1ನೇ ಮ್ಯಾಗಜೀನಿನಿಂದ ಮಾತ್ರ 100 ಗುಂಡು. ಆಗಲೂ ಗುರುತು ತೆಳುವಾಗಿದ್ದರೆ ಪಿನ್ನಿಗೆ ಬಡಿಯುವ ಹ್ಯಾಮರಿನ ಸ್ಪ್ರಿಂಗ್ ಬದಲಿಸಬೇಕು.