ತೈಲ ನಿಂತರೆ ಮನೆಯಲ್ಲಿ ಏನೇನು ಇರಬೇಕು?

ಪೆಟ್ರೋಲ್, ಡೀಸೆಲ್, ಗ್ಯಾಸಿನ ಮೇಲೆ ನಾವು ಎಷ್ಟು ನೇತಾಡಿಕೊಂಡಿದ್ದೇವೆ ಎಂದು ನಾನು ಮಾತು ತೆಗೆದಾಗಲೆಲ್ಲ ಕೊನೆಗೆ ಬರುವ ಪ್ರಶ್ನೆ ಇದೇ. "ಅದೆಲ್ಲ ಸರಿ. ನಾಳೆ ಸರಬರಾಜು ನಿಂತರೆ ಮನೆಯಲ್ಲಿ ಏನೇನು ಇರಬೇಕು, ಅದನ್ನ ಹೇಳಿ."

ಪಟ್ಟಿ ಚಿಕ್ಕದು. ಕೆಲವು ದಿನಕ್ಕಾಗುವಷ್ಟು ಕುಡಿಯುವ ನೀರು, ಬೇಯಿಸದೆ ತಿನ್ನಬಹುದಾದ ಆಹಾರ, ದಿನಾ ತೆಗೆದುಕೊಳ್ಳುವ ಮಾತ್ರೆಗಳು, ಟಾರ್ಚು, ಬ್ಯಾಟರಿ ರೇಡಿಯೋ. ಅಷ್ಟೇ. ಇದರ ಮೇಲೆ ಎಷ್ಟು ಪೇರಿಸಿದರೂ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಯಾಕೆಂದರೆ ತೈಲ ನಿಂತಾಗ ನಿಲ್ಲುವುದು ನಿಮ್ಮ ಗಾಡಿ ಒಂದೇ ಅಲ್ಲ.

2000ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಏನಾಯಿತು ನೋಡಿ. ತೈಲವೇನೂ ಮುಗಿದಿರಲಿಲ್ಲ. ಇಂಧನದ ಬೆಲೆ, ತೆರಿಗೆ ಜಾಸ್ತಿಯಾಯಿತೆಂದು ಲಾರಿಯವರು, ರೈತರು ಸೇರಿ ತೈಲ ಘಟಕಗಳ ಗೇಟಿನ ಮುಂದೆ ಕೂತರು. ಟ್ಯಾಂಕರ್‌ಗಳು ಹೊರಡಲಿಲ್ಲ. ಕೆಲವೇ ದಿನಗಳಲ್ಲಿ ಬಂಕುಗಳು ಖಾಲಿ. ಕೆಲವು ಅಂಗಡಿಗಳು ಒಬ್ಬರಿಗೆ ಇಷ್ಟೇ ಸಾಮಾನು ಎಂದು ಮಿತಿ ಹಾಕಿದವು. ಆಸ್ಪತ್ರೆಗಳು ತುರ್ತಲ್ಲದ ಆಪರೇಷನ್‌ಗಳನ್ನು ಮುಂದೂಡಿದವು. ನೆಲದಡಿಯ ತೈಲ ಇನ್ನೆಷ್ಟು ವರ್ಷ ಬರುತ್ತದೆ ಎಂಬ ಚರ್ಚೆಯಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲದಿರುವುದು ಇದಕ್ಕೇ. ಗೇಟು ಮುಚ್ಚಿದರೆ ಸಾಕು. ಇವತ್ತಿಗೂ ಜಗತ್ತಿನ ಶಕ್ತಿಯಲ್ಲಿ ಸುಮಾರು ಶೇಕಡಾ 80 ಬರುವುದು ಕಲ್ಲಿದ್ದಲು, ತೈಲ, ಅನಿಲದಿಂದಲೇ. ಹೊಲಕ್ಕೆ ಹಾಕುವ ಯೂರಿಯಾ ಕೂಡ ಬಹುಪಾಲು ನೈಸರ್ಗಿಕ ಅನಿಲದಿಂದ ತಯಾರಾಗುತ್ತದೆ. ಅದನ್ನು ಯಾರ ಮನೆಯ ಅಟ್ಟದಲ್ಲೂ ಕೂಡಿಡಲು ಆಗುವುದಿಲ್ಲ, ಅಲ್ವಾ?

"ನಮ್ಮನೇಲಿ ಜನರೇಟರ್ ಇದೆ" ಎನ್ನುವವರಿಗೆ ಹೇಳುವುದು ಒಂದೇ ಮಾತು: ಅದಕ್ಕೆ ಡೀಸೆಲ್ ಎಲ್ಲಿಂದ ಬರುತ್ತದೆ?

"ನಮ್ಮನೆ ಮೇಲೆ ಸೋಲಾರ್ ಇದೆ" ಎನ್ನುವವರ ಜೊತೆ ಸ್ವಲ್ಪ ಜಾಸ್ತಿ ಮಾತಾಡಬೇಕಾಗುತ್ತದೆ. ಬ್ಯಾಟರಿ ಇಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಸೋಲಾರ್ ಆದರೆ, ಕರೆಂಟು ಹೋದ ಕೂಡಲೇ ಸಾಮಾನ್ಯವಾಗಿ ಅದೂ ಆಫ್ ಆಗುತ್ತದೆ. ಮೇಲೆ ಬಿಸಿಲು ಸುಡುತ್ತಿರುತ್ತದೆ, ಕೆಳಗೆ ಫ್ಯಾನು ನಿಂತಿರುತ್ತದೆ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ನಿಮ್ಮ ಪ್ಯಾನೆಲ್‌ನಿಂದ ಕರೆಂಟು ತಂತಿಗೆ ಹರಿಯುತ್ತಿದ್ದರೆ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೇ ಅಪಾಯ. ಕರೆಂಟಿಲ್ಲದಾಗಲೂ ನಡೆಯಬೇಕೆಂದರೆ ಬ್ಯಾಟರಿ ಬೇಕು, ಜಾಲದಿಂದ ಬೇರೆಯಾಗಿ ನಿಲ್ಲಬಲ್ಲ ಇನ್ವರ್ಟರ್ ಬೇಕು. ಅದಕ್ಕೆ ಖರ್ಚು ಜಾಸ್ತಿ. ಪ್ರತಿ ಮನೆಗೂ ಅದನ್ನು ಹಾಕಿಸುವುದಕ್ಕಿಂತ ಇಡೀ ಬೀದಿ ನಡೆದು ಬರುವಂಥ ಒಂದು ಕಟ್ಟಡಕ್ಕೆ ಹಾಕಿಸುವುದು ಎಷ್ಟೋ ವಾಸಿ.

ಅಮೆರಿಕಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಅಡ್ಹುಂತಾಸ್ ಎಂಬ ಬೆಟ್ಟದೂರಿನಲ್ಲಿ ಇಂಥದ್ದೊಂದು ಕಟ್ಟಡ ಇದೆ. ಹೆಸರು ಕಾಸಾ ಪುಯೆಬ್ಲೊ, ಅದನ್ನು ನಡೆಸುವ ಊರಿನವರ ಸಂಸ್ಥೆಯ ಹೆಸರೂ ಅದೇ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಚಂಡಮಾರುತ ಬಂದು ದ್ವೀಪದ ವಿದ್ಯುತ್ ಜಾಲವನ್ನೆಲ್ಲ ಮಲಗಿಸಿಬಿಟ್ಟಿತು. ದ್ವೀಪದ ಬಹುಪಾಲು ಕರೆಂಟು ಬರುತ್ತಿದ್ದದ್ದು ಹೊರಗಿನಿಂದ ತರಿಸಿದ ತೈಲ, ಅನಿಲ, ಕಲ್ಲಿದ್ದಲಿನಿಂದ, ಬೆಟ್ಟ ದಾಟಿ ಬರುವ ಉದ್ದನೆಯ ತಂತಿಗಳ ಮೂಲಕ. ಎಲ್ಲರಿಗೂ ಮತ್ತೆ ಕರೆಂಟು ಸಿಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ವರ್ಷವೇ ಆಯಿತು. ಕಾಸಾ ಪುಯೆಬ್ಲೊದಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಅಲ್ಲಿ 1999ರಿಂದಲೇ ಸೋಲಾರ್ ಇತ್ತು. ಜನ ಅಲ್ಲಿಗೆ ಬಂದು ಫೋನ್ ಚಾರ್ಜ್ ಮಾಡಿಕೊಂಡರು, ಉಸಿರಾಟದ ಯಂತ್ರಗಳನ್ನು ನಡೆಸಿಕೊಂಡರು. ಊರಿನವರಿಗೆ ಸೋಲಾರ್ ಲಾಂದ್ರಗಳು ಹಂಚಿಕೆಯಾದದ್ದೂ ಅಲ್ಲಿಂದಲೇ.

ಈ ಕಥೆ ಕೇಳಿದವರು ಪ್ಯಾನೆಲ್ಲನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಬೇರೆ. ಆ ಸಂಸ್ಥೆ ಹುಟ್ಟಿದ್ದು 1980ರಲ್ಲಿ, ಊರಿನ ಸುತ್ತ ಗಣಿ ಬರುವುದನ್ನು ತಡೆಯಲಿಕ್ಕೆ. ಆ ಹೋರಾಟ ಗೆಲ್ಲಲು ಹದಿನೈದು ವರ್ಷ ಹಿಡಿಯಿತು. ಆಮೇಲೆ ಒಂದು ಕಾಡಿನ ಉಸ್ತುವಾರಿ ವಹಿಸಿಕೊಂಡರು. ಅಂದರೆ ಚಂಡಮಾರುತ ಬರುವ ಹೊತ್ತಿಗೆ ಒಟ್ಟಿಗೆ ಕೂತು, ಜಗಳವಾಡಿ, ತೀರ್ಮಾನಕ್ಕೆ ಬರುವುದು ಅವರಿಗೆ ದಶಕಗಳ ಅಭ್ಯಾಸ. ಬಾಗಿಲ ಕೀ ಯಾರ ಹತ್ತಿರ ಇದೆ, ಯಾವ ಮನೆಯಲ್ಲಿ ಉಸಿರಾಟದ ತೊಂದರೆಯವರಿದ್ದಾರೆ ಎಂಬಂಥ ವಿಷಯಗಳು ಇಂಥ ಕಡೆ ಯಾರಿಗಾದರೂ ಗೊತ್ತೇ ಇರುತ್ತವೆ. ಪ್ಯಾನೆಲ್ ತರಲು ದುಡ್ಡಿದ್ದರೆ ಸಾಕು, ಇದಕ್ಕೆ ವರ್ಷಗಳೇ ಬೇಕು.

ನೆರೆಹೊರೆಯ ಒಡನಾಟ ಎಂದರೆ ಸುಮ್ನೆ ಒಳ್ಳೆಯ ಮಾತು ಎಂದುಕೊಳ್ಳಬೇಡಿ. 1995ರ ಜುಲೈಯಲ್ಲಿ ಶಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಒಬ್ಬರೇ ಇದ್ದ ಮುದುಕರೇ ತುಂಬ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ಅಂಗಡಿಗಳು ಮುಚ್ಚಿ, ಬೀದಿ ಪಾಳು ಬಿದ್ದಿತ್ತು. ಇನ್ನೊಂದರಲ್ಲಿ ಬೀದಿ ತುಂಬ ಜನ, ವ್ಯಾಪಾರ. ಮೊದಲನೆಯದರಲ್ಲಿ ಸಾವಿನ ಪ್ರಮಾಣ ಸುಮಾರು ಹತ್ತು ಪಟ್ಟು. ಹೊರಗೆ ಕಾಲಿಡಲು ಹೆದರಿ ಬಾಗಿಲು ಹಾಕಿಕೊಂಡವರು ಒಳಗೇ ಬೆಂದರು.

ಹಾಗಂತ ತೈಲವಿಲ್ಲದ ಬದುಕು ಸೊಗಸಾಗಿರುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಅವರು ಮೊದಲು ಹೆಸರಿಸುವುದು ಕ್ಯೂಬಾ. ಸೋವಿಯತ್ ಒಕ್ಕೂಟ ಒಡೆದು ಅಲ್ಲಿಗೆ ತೈಲ ಬರುವುದು ಕುಸಿದಾಗ ಹವಾನಾದ ಖಾಲಿ ಜಾಗಗಳಲ್ಲಿ ತರಕಾರಿ ಬೆಳೆದರು, ಚೀನಾದಿಂದ ಸೈಕಲ್‌ಗಳನ್ನು ತರಿಸಿದರು. ನಿಜ. ಆದರೆ ಜನ ಮೈಯಿಳಿದು ಹೋದರು. ಪೌಷ್ಟಿಕ ಆಹಾರ ಸಿಗದೆ 50,000ಕ್ಕೂ ಹೆಚ್ಚು ಜನರಿಗೆ ನರದ ಕಾಯಿಲೆ ಬಂತು, ಎಷ್ಟೋ ಜನರ ಕಣ್ಣು ಮಂಜಾಯಿತು. ಮುಂಚೆಯೇ ತಯಾರಿಲ್ಲದವರು ಬಲವಂತವಾಗಿ ತೈಲ ಬಿಡಬೇಕಾದಾಗ ಆಗುವುದು ಹೀಗೆ. ಸರಬರಾಜು ಚೆನ್ನಾಗಿರುವಾಗಲೇ ಶುರು ಮಾಡಿ ಎಂದು ನಾನು ಪೀಡಿಸುವುದು ಅದಕ್ಕೇ.

ಶುರು ಎಲ್ಲಿಂದ? ಬೀದಿಯಲ್ಲಿ ಒಬ್ಬರೇ ಇರುವವರು ಯಾರು, ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡವರು ಯಾರು, ವೈರಿಂಗ್ ಗೊತ್ತಿರುವವರು ಯಾರು, ಇಷ್ಟನ್ನು ಬರೆದುಕೊಳ್ಳಿ. ಕರೆಂಟಿಲ್ಲದೆ ನೀರು ಸಿಗುವ ಜಾಗ ಎಲ್ಲಿದೆ ನೋಡಿ. ಎಲ್ಲರೂ ನಡೆದು ಬರಬಹುದಾದ ಕಟ್ಟಡ ಒಂದನ್ನು ಆರಿಸಿ.

ಆಮೇಲೆ ದುಡ್ಡು. ಲೆಡ್ ಆಸಿಡ್ ಬ್ಯಾಟರಿ ಕೆಲವೇ ವರ್ಷ ಬಾಳುತ್ತದೆ. ಲಿಥಿಯಂ ಬ್ಯಾಟರಿ ಇನ್ನೂ ಕೆಲವು ವರ್ಷ ಹೆಚ್ಚು ಬಾಳಬಹುದು, ಆದರೂ ಒಂದು ದಿನ ಬದಲಿಸಲೇಬೇಕು. ಕಾಸಾ ಪುಯೆಬ್ಲೊದವರು ಕಾಫಿ ಮಾರಿ ತಮ್ಮ ಖರ್ಚಿಗೆ ದಾರಿ ಮಾಡಿಕೊಂಡರು. ನೀವು ಬೇರೆ ಏನಾದರೂ ಹುಡುಕಿ. ತಿಂಗಳ ಚಂದಾ ಎತ್ತುವವರು ಯಾರು, ಲೆಕ್ಕ ಬರೆಯುವವರು ಯಾರು ಎನ್ನುವುದು ಮೊದಲ ಮೀಟಿಂಗಿನಲ್ಲೇ ತೀರ್ಮಾನವಾಗಲಿ. ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು ಎಂಬ ವಾದ ಎರಡನೇ ಮೀಟಿಂಗಿಗೆ ಇರಲಿ.